ಸಾಗರದ ಸುತ್ತಮುತ್ತ ನಂಬಬಹುದಾದ ಕಂಪ್ಯೂಟರ್ ಅಂಗಡಿ ಯಾವುದು? ಕೆಟ್ಟಾಗ ಕೇಳೋಕೆ ಯಾರಿದ್ದಾರೆ?

ವರದಾಮೂಲ (ಸಾಗರ) · 9 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ಸಾಗರ ಪೇಟೆಯಲ್ಲಿ ಹದಿನಾರು ವರ್ಷದಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಸೊಸೈಟಿಯ ವಾರ್ಷಿಕ ಸಭೆ ನೋಟೀಸು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇದೇ ನನ್ನ ಕೆಲಸ. ಪೇಜ್‌ಮೇಕರ್ 7, ಕೋರೆಲ್, ನುಡಿ, ಇವೇ ನಾನು ಬಳಸೋ ತಂತ್ರಾಂಶ. ಈಗಿರೋ ಮಿಷನ್ನು 2015ರದ್ದು, 4ನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಕಳೆದ ತಿಂಗಳು 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. 11 ಹಾಕೋಣ ಅಂದರೆ ನಿಮ್ಮ ಮಿಷನ್ನಿಗೆ ಆಗೋದಿಲ್ಲ ಅಂತ ತೋರಿಸುತ್ತಿದೆ. ಹೊಸದು ಕೊಳ್ಳಲೇಬೇಕು.

ಕೊಳ್ಳೋದಕ್ಕೆ ಭಯ. ಯಾಕೆ ಅಂತ ಹೇಳಿಬಿಡುತ್ತೇನೆ. 2021ರಲ್ಲಿ ಒಂದು ಅಂಗಡಿಯಲ್ಲಿ (ಹೆಸರು ಬೇಡ, ಈ ಊರಿನದಲ್ಲ) ಹೊಸ ಹಾರ್ಡ್‌ಡಿಸ್ಕ್ ಹಾಕಿಸಿದೆ. "ಮೂರು ವರ್ಷ ಗ್ಯಾರಂಟಿ ಸರ್" ಅಂದರು. ಕೊಟ್ಟಿದ್ದು ಬಿಲ್ಲಲ್ಲ, ಎಸ್ಟಿಮೇಟ್ ಚೀಟಿ. ಹದಿನಾಲ್ಕು ತಿಂಗಳಿಗೆ ಟಕ್ ಟಕ್ ಸದ್ದು ಶುರುವಾಯಿತು, ಮಾರನೇ ದಿನ ಮಿಷನ್ನು ಏಳಲಿಲ್ಲ. ತೆಗೆದುಕೊಂಡು ಹೋದರೆ, "ಈ ಸೀರಿಯಲ್ ನಂಬರು ನಮ್ಮದಲ್ಲ" ಅಂದರು. ಚೀಟಿಯಲ್ಲಿ ನಂಬರೇ ಇರಲಿಲ್ಲ, ನಾನು ಏನಂತ ವಾದ ಮಾಡಲಿ?

ಡಿಸ್ಕಿನ ದುಡ್ಡು ಹೋಗಿದ್ದಕ್ಕೆ ಬೇಸರವಿಲ್ಲ. ಅದರಲ್ಲಿ ಐದು ವರ್ಷದ ಕೆಲಸ ಇತ್ತು. ಹೊಸನಗರ ಕಡೆಯ ಒಬ್ಬ ಮೇಷ್ಟ್ರು ತೀರಿಕೊಂಡಾಗ ಅವರ ಶಿಷ್ಯರೆಲ್ಲ ಸೇರಿ 64 ಪುಟದ ನೆನಪಿನ ಪುಸ್ತಿಕೆ ಮಾಡಿಸಿದ್ದರು. ಮನೆಯವರು ಮೊನ್ನೆ ಬಂದು ಇನ್ನೊಂದು ನೂರು ಪ್ರತಿ ಹಾಕಿಕೊಡಿ ಅಂದರು. ಫೈಲು ಇಲ್ಲ ಅಂತ ಹೇಳೋವಾಗ ಅವರ ಮುಖ ನೋಡೋಕಾಗಲಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಸಾಗರಕ್ಕೆ ಹತ್ತಿರ, ಶಿವಮೊಗ್ಗದಲ್ಲಾದರೂ ಸರಿ, ಮಾರಿದ ಮೇಲೂ ಮುಖ ಕೊಟ್ಟು ಮಾತಾಡೋ ಅಂಗಡಿ ಹುಡುಕೋದು ಹೇಗೆ? ಮತ್ತೆ, ಸಣ್ಣಪುಟ್ಟ ತೊಂದರೆ ಬಂದಾಗ ಕನ್ನಡದಲ್ಲಿ ಕೇಳಿ ತಿಳಿಯೋದಕ್ಕೆ ಯಾರಾದರೂ ಇದ್ದಾರಾ?

ಪೇಟೆಬೀದಿ (ಬೆಂಗಳೂರು) · 9 ನವೆಂಬರ್

ನಮಸ್ಕಾರ ಸರ್. ನಾನು ಬೆಳೆದಿದ್ದು ಕುಂಬಾರಪೇಟೆ ಹತ್ತಿರ, ಅದಕ್ಕೇ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆ ಬಗ್ಗೆ ಹೇಳ್ತೀನಿ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು. ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್. ಹಸಿರು ಮೆಟ್ರೋದಲ್ಲಿ ಅಲ್ಲಿಂದ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ, ಇಳಿದು ನಡೆದೇ ಹೋಗಬಹುದು. ಬೇಗ ಹೋಗಿ ಪ್ರಯೋಜನ ಇಲ್ಲ, ಹತ್ತೂವರೆ ಹನ್ನೊಂದರ ತನಕ ಷಟರ್ ಏಳಲ್ಲ. ಭಾನುವಾರವಂತೂ ಹೋಗಲೇಬೇಡಿ, ಬಹುಪಾಲು ಬಂದ್.

ರಸ್ತೆ ಬದಿ ನಿಂತು "ಏನ್ ಬೇಕು ಸಾರ್, ಲ್ಯಾಪ್‌ಟಾಪಾ?" ಅಂತ ಕರೆಯೋರ ಹಿಂದೆ ಹೋಗಬೇಡಿ. ಅವರಿಗೆ ಅಂಗಡಿ ಇರಲ್ಲ, ಯಾವುದೋ ಮೆಟ್ಟಿಲು ಹತ್ತಿಸಿ ಕಮಿಷನ್ ಇಟ್ಕೊಳ್ತಾರೆ. ಬೇಕಾದ್ದನ್ನ ಒಂದು ಹಾಳೇಲಿ ಬರ್ಕೊಂಡು ಹೋಗಿ, ಮೂರು ಅಂಗಡೀಲಿ ಅದೇ ಹಾಳೆ ಕೊಟ್ಟು ಕೊಟೇಶನ್ ತಗೊಳ್ಳಿ. ಜಿಎಸ್‌ಟಿ ಸೇರಿ ಎಷ್ಟು ಅಂತ ಮೊದಲೇ ಕೇಳಿ. "ಬಿಲ್ ಬೇಕಾ, ಬೇಡ್ವಾ?" ಅಂತ ಕೇಳೋ ಅಂಗಡಿಯಿಂದ ಹಾಗೇ ಹೊರಗೆ ಬನ್ನಿ. 18 ಪರ್ಸೆಂಟ್ ಉಳಿಸೋಕೆ ಹೋದ್ರೆ ವಾರಂಟಿ ಪೂರ್ತಿ ಹೋಗುತ್ತೆ.

ಬಾಕ್ಸಿನ ಸೀಲು ನಿಮ್ಮ ಮುಂದೇನೇ ಕತ್ತರಿಸಲಿ. ಪ್ರೊಸೆಸರ್ ಬಾಕ್ಸ್ ಪೀಸಾ, ಟ್ರೇ ಪೀಸಾ (ಬಾಕ್ಸಿಲ್ಲದೆ ಬಿಡಿಯಾಗಿ ಬರೋದು) ಅಂತ ಕೇಳಿ. ಬಾಕ್ಸ್ ಆದ್ರೆ ಕಂಪನಿಯ ಮೂರು ವರ್ಷ. ಟ್ರೇ ಆದ್ರೆ ಮಾರಿದವನ ಮಾತೇ ವಾರಂಟಿ.

ಮಲಪ್ರಭಾ_ದಂಡಿ (ಧಾರವಾಡ) · 10 ನವೆಂಬರ್

ಪೇಟೆಬೀದಿ ಅಣ್ಣಾರ ಮಾತು ಖರೆ ಐತ್ರಿ, ಆದ್ರ ನಾ ಒಪ್ಪೂದಿಲ್ಲ. ಸಾಗರದವ್ರು ಬೆಂಗಳೂರಿಗೆ ಹೋಗಿ ಎರಡ ಸಾವಿರ ಉಳಿಸ್ತಾರ. ಆರು ತಿಂಗಳಿಗೆ ಎಸ್‌ಎಂಪಿಎಸ್ (ಒಳಗ ಕರೆಂಟ್ ಕೊಡೋ ಡಬ್ಬಿ) ಹೋತಂದ್ರ ಏನ್ ಮಾಡ್ತಾರ? ಮತ್ತ ರಾತ್ರಿ ರೈಲು, ಮತ್ತ ಒಂದು ದಿನ ಅಂಗಡಿ ಬಂದ್, ಅವ್ರು "ಬಿಟ್ಟ ಹೋಗ್ರಿ, ಇಪ್ಪತ್ತ ದಿನ ಆಗ್ತದ" ಅಂತಾರ. ಒಯ್ಯಾಕ ಒಮ್ಮೆ, ತರಾಕ ಒಮ್ಮೆ. ಉಳಿಸಿದ ರೊಕ್ಕ ಎಲ್ಲಿ ಉಳೀತು?

ನಾ ಹತ್ತು ವರ್ಷದಿಂದ ಒಂದ ಅಂಗಡಿಗೆ ಹೊಂಟೇನಿ. ದರಾ ಸ್ವಲ್ಪ ಜಾಸ್ತಿನ. ಆದ್ರ ನಮ್ಮ ಪ್ರೆಸ್ಸಿನ ಮಿಷನ್ ಚುನಾವಣಿ ಟೈಮಿನ್ಯಾಗ ಕೆಟ್ಟಾಗ ರಾತ್ರಿ ಒಂಬತ್ತಕ್ಕ ತಮ್ಮ ಅಂಗಡಿ ಮಿಷನ್ನ ಬಿಚ್ಚಿ ಕೊಟ್ಟು ಕಳಿಸಿದ್ರು. ಅದಕ್ಕ ರೇಟ್ ಹಚ್ಚಾಕ ಆಗ್ತದೇನ್ರಿ?

ಹುಡುಕೂದು ಹೆಂಗ ಅಂದ್ರ: ನಿಮ್ಮಂಗ ಕಂಪ್ಯೂಟರ್ ಮ್ಯಾಲೇ ಹೊಟ್ಟಿ ಹೊರಕೊಳ್ಳೋರನ್ನ ಕೇಳ್ರಿ. ಫೋಟೋ ಸ್ಟುಡಿಯೋದವ್ರು, ಟ್ಯಾಕ್ಸ್ ಫೈಲ್ ಮಾಡೋರು, ಪ್ರೆಸ್ಸಿನವ್ರು. ಅವ್ರಿಗೆ ಒಂದ ದಿನ ಮಿಷನ್ ನಿಂತ್ರ ನಡ್ಯೂದಿಲ್ಲ. ಅವ್ರು ಎಲ್ಲಿ ಹೊಕ್ಕಾರೋ ಅಲ್ಲೇ ಹೋಗ್ರಿ.

ಬೆಣ್ಣೆನಗರಿ (ದಾವಣಗೆರೆ) · 10 ನವೆಂಬರ್

ಮೊದಲೇ ಹೇಳಿಬಿಡ್ತೀನಿ, ನಾನು ಕಂಪ್ಯೂಟರ್ ಅಂಗಡಿ ಇಟ್ಟವನು. ಸಾಗರದಿಂದ ದೂರ, ನಿಮಗೆ ನನ್ನ ಅಂಗಡಿ ಅನುಕೂಲ ಅಲ್ಲ, ಹಾಗಾಗಿ ನನ್ನ ಪ್ರಚಾರ ಅಂತ ತಿಳ್ಕೋಬೇಡಿ. ಕೌಂಟರಿನ ಒಳಗಿನ ಮಾತು ಹೊರಗಿನವರಿಗೆ ಗೊತ್ತಾಗಲಿ ಅಂತ ಬರೀತಾ ಇದೀನಿ.

ಒಂದು ಬಿಡಿಭಾಗ ವಾರಂಟಿಯಲ್ಲಿ ಕೆಟ್ಟರೆ ಆಗೋದು ಹೀಗೆ. ನೀವು ನನಗೆ ಕೊಡ್ತೀರಿ. ನಾನು ಅದರ ಸೀರಿಯಲ್ ನೋಡಿ, ಯಾವ ವಿತರಕರ ಮೂಲಕ ಬಂದಿದೆ ಅಂತ ನೋಡ್ತೀನಿ. ರಾಶಿ ಪೆರಿಫೆರಲ್ಸ್, ರೆಡಿಂಗ್ಟನ್ ಥರದವರು ದೇಶಕ್ಕೆಲ್ಲ ಮಾಲು ಹಂಚೋ ದೊಡ್ಡ ವಿತರಕರು. ಒಂದೊಂದು ಬ್ರ್ಯಾಂಡಿಗೆ ಒಂದೊಂದು ಸರ್ವಿಸ್ ಸೆಂಟರ್, ಒಂದೊಂದು ನಿಯಮ. ನಾನು ಕಳಿಸಬೇಕು, ಅವರು ಪರೀಕ್ಷೆ ಮಾಡಬೇಕು, ಬದಲಿ ಬರಬೇಕು. ಇದಕ್ಕೆ ಆರ್‌ಎಂಎ ಅಂತೀವಿ. ವಾರಗಟ್ಟಲೆ ಹಿಡಿಯುತ್ತೆ, ಕೊರಿಯರ್ ಖರ್ಚು ನಮ್ಮದು. ಈ ಕೆಲಸದಲ್ಲಿ ನಮಗೆ ಒಂದು ರೂಪಾಯಿ ಹುಟ್ಟಲ್ಲ. ಆದ್ದರಿಂದ ಅಂಗಡಿಯವನ ಗುಣ ತಿಳಿಯೋದು ಇಲ್ಲೇ.

ವರದಾಮೂಲ ಅವರೇ, ಅಂಗಡಿಗೆ ಹೋದಾಗ ರೇಟು ಕೇಳೋಕೆ ಮುಂಚೆ ಒಂದು ಮಾತು ಕೇಳಿ: "ನಿಮ್ಮ ಆರ್‌ಎಂಎ ಪುಸ್ತಕ ಇದೆಯಾ, ಒಂಚೂರು ನೋಡ್ಬಹುದಾ?" ನೆಟ್ಟಗೆ ನಡೆಯೋ ಅಂಗಡೀಲಿ ಒಂದು ಉದ್ದನೆ ನೋಟ್‌ಬುಕ್ಕೋ, ಕಂಪ್ಯೂಟರ್‌ನಲ್ಲಿ ಒಂದು ಪಟ್ಟಿಯೋ ಇದ್ದೇ ಇರುತ್ತೆ. ಯಾವ ತಾರೀಕು ಬಂತು, ಯಾವಾಗ ಹೋಯ್ತು, ಯಾವಾಗ ಬದಲಿ ಬಂತು, ಗಿರಾಕಿ ಸಹಿ. ಇಲ್ಲ ಅಂದ್ರೆ ಆ ಅಂಗಡೀಲಿ ಮಾಲು ಹೋಗುತ್ತೆ, ವಾಪಸ್ ಬರೋದಕ್ಕೆ ದಾರಿ ಇಲ್ಲ ಅಂತ ಲೆಕ್ಕ.

ಎರಡನೇದು, ಬದಲಿ ಬರೋ ತನಕ ಸ್ಟ್ಯಾಂಡ್‌ಬೈ (ತಾತ್ಕಾಲಿಕವಾಗಿ ಬೇರೊಂದು ಭಾಗ) ಕೊಡ್ತಾರಾ ಕೇಳಿ. ಮೂರನೇದು, ಬಿಲ್ಲಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರು. ನಾನು ಬರೀತೀನಿ, ಜೊತೆಗೆ ಕ್ಯಾಬಿನೆಟ್ ಮುಚ್ಚೋ ಮುಂಚೆ ಗಿರಾಕಿ ಮೊಬೈಲಲ್ಲೇ ಒಂದು ಫೋಟೋ ತೆಗೆಸ್ತೀನಿ. ಇದು ನನಗೂ ಒಳ್ಳೇದು. ಯಾರೋ ಹಳೇ ರ‍್ಯಾಮ್ ತಂದು ನಿಮ್ಮದೇ ಅಂದರೆ ನಾನೂ ತೋರಿಸಬಹುದು.

ಇನ್ನೊಂದು ಕಡೆನೂ ಹೇಳಬೇಕು. ಎಷ್ಟೋ ಜನ ಪ್ರೊಸೆಸರ್, ಮದರ್‌ಬೋರ್ಡು ಆನ್‌ಲೈನಲ್ಲಿ ತರಿಸಿ "ಬರೀ ಜೋಡಿಸಿಕೊಡಿ" ಅಂತಾರೆ. ಈಗಿನ ಇಂಟೆಲ್ ಬೋರ್ಡಿನ ಸಾಕೆಟ್‌ನಲ್ಲಿ 1700ಕ್ಕೆ ಕಡಿಮೆಯಿಲ್ಲದಷ್ಟು ಪಿನ್ನು, ಕೂದಲಿನ ಹಾಗೆ. ಒಂದು ಬಾಗಿದ್ರೂ ಕಂಪನಿ ವಾರಂಟಿ ಕೊಡಲ್ಲ. ನಮ್ಮಲ್ಲೇ ಕೊಂಡರೆ ಆ ರಿಸ್ಕು ನಮ್ಮದು. ಹೊರಗಿಂದ ತಂದ್ರೆ ಯಾರದ್ದು? ನೂರು ರೂಪಾಯಿ ಹೆಚ್ಚು ಅಂದ್ರೆ ಅದರಲ್ಲಿ ಇದೂ ಸೇರಿರುತ್ತೆ ಅಂತ ದಯವಿಟ್ಟು ಅರ್ಥ ಮಾಡ್ಕೊಳ್ಳಿ.

ನೇತ್ರಾವತಿ_ಬದಿ (ಮಂಗಳೂರು) · 11 ನವೆಂಬರ್

ಬೆಣ್ಣೆನಗರಿಯವರ ಆರ್‌ಎಂಎ ಪುಸ್ತಕದ ಮಾತು ಬಹಳ ಒಳ್ಳೆಯದುಂಟು ಮಾರಾಯ್ರೆ, ಇಷ್ಟು ವರ್ಷ ನನಗೆ ಹೊಳೆಯಲೇ ಇಲ್ಲ.

ನಾನು ಹೇಳುವುದು ಅರ್ಥಿಂಗ್ ಬಗ್ಗೆ. ಮಲೆನಾಡು, ಕರಾವಳಿಯಲ್ಲಿ ಅರ್ಧ ಮಿಷನ್ನು ಸಾಯುವುದು ಏಪ್ರಿಲ್ ಮೇ ತಿಂಗಳ ಗುಡುಗಿಗೆ. ಅದಕ್ಕೆ ಅಂಗಡಿಯವ ಏನೂ ಮಾಡಲಿಕ್ಕಾಗುವುದಿಲ್ಲ, ಸುಟ್ಟ ಬೋರ್ಡಿಗೆ ವಾರಂಟಿಯೂ ಇಲ್ಲ. ಹೊಸ ಮಿಷನ್ನು ತರುವ ಮೊದಲು ನಿಮ್ಮ ವಯರಿಂಗಿನವರನ್ನು ಕರೆದು ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಅಂತ ನೋಡಲಿಕ್ಕೆ ಹೇಳಿ. ಒಂದೆರಡು ವೋಲ್ಟ್ ಅಂದರೆ ಅಡ್ಡಿ ಇಲ್ಲ. ಇಪ್ಪತ್ತು ಮೂವತ್ತು ತೋರಿಸಿದರೆ ಅರ್ಥ್ ಇದೆ ಅಂತ ಹೆಸರಿಗೆ ಮಾತ್ರ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ಅದಕ್ಕೇ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು, ಯಾರೂ ಹಾಕುವುದಿಲ್ಲ.

ಮಳೆಗಾಲದಲ್ಲಿ ಅಂಗಡಿಗೆ ರಜೆ ಇದ್ದರೂ ದಿನಾ ಒಂದು ಗಂಟೆ ಮಿಷನ್ನು ಹಚ್ಚಿ ಇಡಿ. ಒಳಗೆ ಬಿಸಿ ಇದ್ದರೆ ತೇವ ಕೂರುವುದಿಲ್ಲ.

ವರದಾಮೂಲ (ಸಾಗರ) · 16 ನವೆಂಬರ್

ಇಷ್ಟು ಜನ ಇಷ್ಟು ವಿವರವಾಗಿ ಬರೆದಿದ್ದೀರಿ, ನಿಮಗೆಲ್ಲ ಋಣಿ. ಮಲಪ್ರಭಾ ಅವರು ಹೇಳಿದ ಹಾಗೆ ಇಲ್ಲಿನ ಇಬ್ಬರು ಸ್ಟುಡಿಯೋದವರನ್ನು ಕೇಳಿದೆ. ಇಬ್ಬರೂ ಶಿವಮೊಗ್ಗದ ಒಂದೇ ಅಂಗಡಿ ಹೇಳಿದರು. ಫೋನಿನಲ್ಲೇ ಎರಡು ಕೊಟೇಶನ್ ತರಿಸಿಕೊಂಡೆ, ಒಂದು ಬೆಂಗಳೂರಿನದು, ಒಂದು ಅಲ್ಲಿನದು.

ಬೆಂಗಳೂರು: ಐ5-12400ಎಫ್, ಎಚ್610 ಬೋರ್ಡು, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಗೇಮಿಂಗ್ ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್. ವಿಂಡೋಸ್ ಮತ್ತು ಆಫೀಸ್ ಉಚಿತ.

ಶಿವಮೊಗ್ಗ: ಐ3-12100, ಎಚ್610 ಬೋರ್ಡು, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಸಾದಾ ಕ್ಯಾಬಿನೆಟ್, 450 ವ್ಯಾಟಿನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಬೇರೆ. ವಿಂಡೋಸ್‌ಗೆ ಬೇರೆ ದುಡ್ಡು. ವಿಂಡೋಸ್ ಬಿಟ್ಟು ನೋಡಿದರೂ 1,800 ರೂಪಾಯಿ ಹೆಚ್ಚು. ದರ ಎರಡು ದಿನಕ್ಕೆ ಮಾತ್ರ ಅಂದರು, ರ‍್ಯಾಮ್ ಬೆಲೆ ಏರುತ್ತಲೇ ಇದೆಯಂತೆ.

ಐ5 ಕಡಿಮೆಗೆ ಸಿಗುತ್ತಿದೆ ಅಂತ ಮನಸ್ಸು ಆ ಕಡೆ ಎಳೆಯುತ್ತಿದೆ.

ನೇತ್ರಾವತಿ_ಬದಿ (ಮಂಗಳೂರು) · 16 ನವೆಂಬರ್

ಸ್ವಲ್ಪ ನಿಲ್ಲಿ! 12400 ಆದ ಮೇಲೆ ಒಂದು "ಎಫ್" ಉಂಟಲ್ಲ, ನೋಡಿದಿರಾ? ಎಫ್ ಅಂದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ. ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡೂ ಇಲ್ಲ. ಜೋಡಿಸಿದರೆ ಫ್ಯಾನು ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಆಗ "ಕಾರ್ಡ್ ಹಾಕಿಸಿ ಸರ್" ಅಂತ ಇನ್ನಷ್ಟು ಸಾವಿರ ಕೇಳುತ್ತಾರೆ. ಗೊತ್ತಿದ್ದು ಮಾಡಿದರೋ, ಕಣ್ತಪ್ಪಿತೋ, ನಾನು ಹೇಳಲಾರೆ. ಆದರೆ ಮದುವೆ ಪತ್ರಿಕೆ ಮಾಡುವವರಿಗೆ ಹೀಗೆ ಪಟ್ಟಿ ಕೊಡಬಾರದು.

ಬೆಣ್ಣೆನಗರಿ (ದಾವಣಗೆರೆ) · 16 ನವೆಂಬರ್

ಸರಿಯಾಗಿ ಹಿಡಿದ್ರಿ. ಶಿವಮೊಗ್ಗದ ಪಟ್ಟಿ ನೋಡಿ, ಬರೆದವರಿಗೆ ಕೆಲಸ ಗೊತ್ತು. ಡಿಟಿಪಿಗೆ ಐ3-12100 ಧಾರಾಳ ಸಾಕು, ದುಡ್ಡನ್ನ ರ‍್ಯಾಮಿಗೂ ಎಸ್‌ಎಂಪಿಎಸ್ಸಿಗೂ ಹಾಕಿದಾರೆ. ಕ್ಯಾಬಿನೆಟ್ ಜೊತೆ ಬರೋ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಬರೆದಿರುತ್ತೆ, ಕೈಯಲ್ಲಿ ಎತ್ತಿದ್ರೆ ಹಗುರ. ಅದು ಸಾಯೋವಾಗ ಬೋರ್ಡನ್ನೂ ಕರ್ಕೊಂಡು ಹೋಗುತ್ತೆ.

ಒಂದು ಕೇಳಿ: 16 ಜಿಬಿ ಒಂದೇ ಸ್ಟಿಕ್ಕಾ, ಎರಡಾ? ಎಚ್610ರಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು. ಎಂಟೆಂಟು ಎರಡು ಹಾಕಿದ್ರೆ ವೇಗ ಸ್ವಲ್ಪ ಜಾಸ್ತಿ, ಒಂದೇ ಹಾಕಿದ್ರೆ ಮುಂದೆ ಸೇರಿಸೋಕೆ ಜಾಗ. ನಿಮ್ಮ ಕೆಲಸಕ್ಕೆ ಒಂದೇ ಇರಲಿ.

"ವಿಂಡೋಸ್ ಉಚಿತ" ಅನ್ನೋದು ಕ್ರ್ಯಾಕ್ ಮಾಡಿದ್ದು, ಅಂದ್ರೆ ಲೈಸೆನ್ಸ್ ಇಲ್ಲದ ಕಳ್ಳ ಪ್ರತಿ. ಆ ಕ್ರ್ಯಾಕ್ ಜೊತೆ ಏನೇನು ಒಳಗೆ ಬರುತ್ತೋ ಯಾರಿಗೂ ಗೊತ್ತಿರಲ್ಲ. ನಿಮ್ಮ ಅಂಗಡೀಲಿ ಜನರ ಆಧಾರ್, ಪಹಣಿ ಎಲ್ಲ ಸ್ಕ್ಯಾನ್ ಆಗುತ್ತೆ ಅಲ್ವಾ? ನನ್ನ ಮಾತು ಕೇಳಿ, ಅದು ಬೇಡ.

ಹೇಮಾವತಿ (ಹಾಸನ) · 17 ನವೆಂಬರ್

ನನ್ನದು ಸಣ್ಣ ಅನುಭವ. ಮಗಳ ಇಂಜಿನಿಯರಿಂಗ್‌ಗೆ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆವು. ಕಂಪನಿಗಳು ಬಳಸಿ ಬಿಟ್ಟಿದ್ದು, ಗಟ್ಟಿ ಇರುತ್ತೆ ಅಂತ. ಮೂರು ತಿಂಗಳಾದ ಮೇಲೆ ಮಗಳು ರೀಸೆಟ್ ಮಾಡಿದಳು. ಇಂಟರ್‌ನೆಟ್‌ಗೆ ಸೇರಿಸಿದ ತಕ್ಷಣ ಯಾವುದೋ ಕಂಪನಿಯ ಹೆಸರು ಬಂದು, ಅವರ ಇಮೇಲ್, ಪಾಸ್‌ವರ್ಡ್ ಕೇಳಿತು. ಮುಂದೆ ಹೋಗಲೇ ಇಲ್ಲ. ಕಂಪನಿ ತನ್ನ ಲೆಕ್ಕದಿಂದ ಅದನ್ನು ತೆಗೆದೇ ಇರಲಿಲ್ಲ. ಹಳೇ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿ. ಅರ್ಧ ಗಂಟೆ ಹೆಚ್ಚು ನಿಂತರೂ ಪರವಾಗಿಲ್ಲ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ತಂತ್ರಾಂಶದಲ್ಲಿ ಡಿಸ್ಕು ಎಷ್ಟು ಗಂಟೆ ಓಡಿದೆ ಅಂತಲೂ ಕಾಣುತ್ತೆ, ಅದನ್ನೂ ನೋಡಿ.

ಶಿಂಷಾ_ಕಾನೂನು (ತುಮಕೂರು) · 18 ನವೆಂಬರ್

ವರದಾಮೂಲ ಅವರ ಮೊದಲ ಬರಹದ ಎಸ್ಟಿಮೇಟ್ ಚೀಟಿಯ ಬಗ್ಗೆ. ಬಿಲ್ಲಿನ ಕೆಳಗೆ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂದು ಅಚ್ಚು ಹಾಕಿಸಿರುತ್ತಾರೆ. ಅದನ್ನು ನೋಡಿ ಜನ ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದರಲ್ಲೇ ಬರುತ್ತದೆ.

ಅಂಗಡಿಗೆ ಕೊಂಡ ಕಂಪ್ಯೂಟರ್ ಅಲ್ಲವೇ, ನಾವು ಗ್ರಾಹಕರು ಹೇಗಾಗುತ್ತೇವೆ ಎಂದು ಹಲವರು ಕೇಳುತ್ತಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸಲು ಕೊಂಡವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿಯ ತನಕದ ಖರೀದಿಗೆ ಶುಲ್ಕವಿಲ್ಲ, ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಎಷ್ಟೋ ತಕರಾರು ಅಲ್ಲೇ ಇತ್ಯರ್ಥವಾಗುತ್ತವೆ. ನಿಮ್ಮದು ಕಾಲ ಮೀರಿದೆ, ಚೀಟಿಯಲ್ಲಿ ನಂಬರೂ ಇಲ್ಲ. ಅದು ಹೋಯಿತು. ಮುಂದಿನದಕ್ಕೆ ಗಟ್ಟಿ ಬಿಲ್ ಇರಲಿ.

ಹಳೇಸಿಡಿ (ಮೈಸೂರು) · 19 ನವೆಂಬರ್

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕ್ತೀನಿ. ಕೇಳೋದಕ್ಕೆ ಯಾರಿದ್ದಾರೆ?

ನಾನು ಕಲಿತಿದ್ದೇ ಹೀಗೆ ಕೇಳಿ ಕೇಳಿ. ಪಿಸಿಕ್ವೆಸ್ಟ್ ಪತ್ರಿಕೆ ಜೊತೆ ಲಿನಕ್ಸ್ (ವಿಂಡೋಸ್ ಬದಲು ಹಾಕೋ ಉಚಿತ ತಂತ್ರಾಂಶ) ಸಿಡಿ ಬರ್ತಿದ್ದ ಕಾಲ. ಹಾಕಿದ್ರೆ ಮೋಡೆಮ್ ಕೆಲಸ ಮಾಡ್ತಿರಲಿಲ್ಲ. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪಿಗೆ ಬರೆದ್ರೆ, ಮುಖ ಕಾಣದ ಯಾರೋ ಒಬ್ಬರು ರಾತ್ರಿ ಕೂತು ಉತ್ತರ ಬರೀತಿದ್ರು. ಆ ಗುಂಪಿನವರೇ 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಸಮ್ಮೇಳನ ಶುರು ಮಾಡಿದ್ದು, 2005ರಿಂದ ಅದು ಫಾಸ್ ಡಾಟ್ ಇನ್ ಆಯ್ತು. ಈಗ ಅದಿಲ್ಲ. ಆದ್ರೆ ಸ್ವತಂತ್ರ ತಂತ್ರಾಂಶ ಆಂದೋಲನ ಕರ್ನಾಟಕ ಇದೆ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅವರ ಗ್ಲಗ್ (ಲಿನಕ್ಸ್ ಬಳಕೆದಾರರ) ಗುಂಪುಗಳಿವೆ. ಫಾಸ್ ಯುನೈಟೆಡ್ ಅನ್ನೋ ಸ್ವತಂತ್ರ ತಂತ್ರಾಂಶದ ಗುಂಪಿನವರು ಊರೂರಲ್ಲಿ ಸೇರ್ತಾರೆ. ಶಿವಮೊಗ್ಗ, ಸಾಗರದ ಕಾಲೇಜು ಹುಡುಗರನ್ನ ವಿಚಾರಿಸಿ, ಒಬ್ಬನಾದ್ರೂ ಇಂಥ ಹುಚ್ಚಿನವನು ಸಿಗ್ತಾನೆ.

ಆದ್ರೆ ಕನ್ನಡ ಡಿಟಿಪಿಯ ತೊಂದರೆ ಅವರಿಗೆ ಗೊತ್ತಿರಲ್ಲ. ಅದು ನಮ್ಮಂಥವರಿಗೇ ಗೊತ್ತು. ಪೇಜ್‌ಮೇಕರ್‌ಗೆ ಯೂನಿಕೋಡ್ (ಎಲ್ಲ ಕಂಪ್ಯೂಟರಲ್ಲೂ ಒಂದೇ ಥರ ಓದೋ ಅಕ್ಷರ ಸಂಕೇತ) ಬರಲ್ಲ, ನುಡಿಯ ಹಳೇ ಆಸ್ಕಿ ಫಾಂಟ್ (ಆ ಫಾಂಟ್ ಇದ್ರೆ ಮಾತ್ರ ಓದೋಕಾಗೋದು) ಮಾತ್ರ. ಹೊಸ ಮಿಷನ್‌ನಲ್ಲಿ ಅದು ತಕರಾರು ಮಾಡಿದ್ರೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸೋ ತಂತ್ರಾಂಶ) ಹಾಕಿ, ಅದರೊಳಗೆ ಹಳೇ ವಿಂಡೋಸ್ ಇಟ್ಟು, ಅದಕ್ಕೆ ಇಂಟರ್‌ನೆಟ್ ಕೊಡದೆ ಓಡಿಸಿ. ಹಳೇ ಫೈಲಿಗೆ ಅದೇ ದಾರಿ. ಹೊಸ ಕೆಲಸ ಮಾತ್ರ ಯೂನಿಕೋಡ್‌ನಲ್ಲೇ ಶುರು ಮಾಡಿ. ಸ್ಕ್ರೈಬಸ್ ಅಂತ ಉಚಿತ ಪುಟವಿನ್ಯಾಸ ತಂತ್ರಾಂಶ ಇದೆ, 2024ರಲ್ಲಿ ಬಂದ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತೆ. ನಿಮ್ಮ ಬೆರಳಿಗೆ ಅಭ್ಯಾಸ ಇರೋ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಯೂನಿಕೋಡಿಗೂ ನಡೆಯುತ್ತೆ, ಹೊಸದಾಗಿ ಕಲಿಯೋದೇನಿಲ್ಲ.

ಕೇಳೋವಾಗ ಒಂದು ನೆನಪಿಡಿ: "ಕೆಲಸ ಮಾಡ್ತಿಲ್ಲ" ಅಂತ ಬರೀಬೇಡಿ. ಏನು ಒತ್ತಿದಿರಿ, ಪರದೆ ಮೇಲೆ ಏನು ಬಂತು, ಮೊಬೈಲಲ್ಲಿ ಒಂದು ಫೋಟೋ. ಇಷ್ಟಿದ್ರೆ ಉತ್ತರ ಹೇಳೋರಿಗೆ ಅರ್ಧ ಕೆಲಸ ಕಡಿಮೆ. ಇಲ್ಲಿಗೇ ಬರೀರಿ, ನಾನಿದ್ದೀನಿ.

ವರದಾಮೂಲ (ಸಾಗರ) · 30 ನವೆಂಬರ್

ತಡವಾಯಿತು, ಕ್ಷಮಿಸಿ. ಕಾರ್ತಿಕದ ಮದುವೆಗಳು.

ಶಿವಮೊಗ್ಗಕ್ಕೆ ಹೋಗಿ ಬಂದೆ. ಅಂಗಡಿಯ ಹಿಂಬದಿಯಲ್ಲಿ ರಿಪೇರಿ ಟೇಬಲ್, ಇಬ್ಬರು ಹುಡುಗರು ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಆರ್‌ಎಂಎ ಪುಸ್ತಕ ನೋಡಬಹುದಾ ಅಂತ ಕೇಳಿದೆ. ಯಜಮಾನರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಏನೂ ಮಾತಾಡದೆ ಕೆಂಪು ಬೈಂಡಿನ ಉದ್ದ ಪುಸ್ತಕ ತಂದು ಕೌಂಟರಿನ ಮೇಲಿಟ್ಟರು. ಪುಟಪುಟಕ್ಕೂ ತಾರೀಕು, ಸೀರಿಯಲ್ಲು, ಸಹಿ. ಒಂದೆರಡು ಕಡೆ ಕಂಪನಿ ಬದಲಿ ಕೊಡಲಿಲ್ಲ, "ನಾವೇ ಹಾಕಿಕೊಟ್ಟೆವು" ಅಂತ ಬರೆದಿತ್ತು. ಅಷ್ಟು ನೋಡಿದ ಮೇಲೆ ನಾನು ಚೌಕಾಸಿಗೆ ಇಳಿಯಲಿಲ್ಲ. ರ‍್ಯಾಮಿಗೆ ಆ ಹೊತ್ತಿಗೆ ಮತ್ತೆ 600 ಏರಿತ್ತು, ಕೊಟ್ಟೆ.

ಪೆನ್‌ಡ್ರೈವಿನಲ್ಲಿ ಒಂದು ಮದುವೆ ಪತ್ರಿಕೆ ಒಯ್ದಿದ್ದೆ. ಅಲ್ಲೇ ತೆರೆದು, ಪ್ರಿಂಟ್ ಹಾಕಿ ತೋರಿಸಿದರು. ಬಿಲ್ಲಿನಲ್ಲಿ ಒಂಬತ್ತು ಸೀರಿಯಲ್ ನಂಬರು. ಬೋರ್ಡಿನ ಫೋಟೋ ನಾನೇ ತೆಗೆದೆ. ಯುಪಿಎಸ್ಸೂ ಕೊಡಿ ಅಂದರೆ, ಹಳೆಯದರ ಮಾಡೆಲ್ ಕೇಳಿ, "ಅದು ಚೆನ್ನಾಗಿದೆ, ಬ್ಯಾಟರಿ ಮಾತ್ರ ಬದಲಿಸಿ, 12 ವೋಲ್ಟಿನ 7 ಎಎಚ್" ಅಂತ ಕಳಿಸಿದರು. ಮಾರುವ ವಸ್ತುವನ್ನು ಬೇಡ ಅಂದಿದ್ದು ನನಗೆ ಬಹಳ ಹಿಡಿಸಿತು.

ಸತ್ತ ಹಾರ್ಡ್‌ಡಿಸ್ಕನ್ನೂ ಒಯ್ದಿದ್ದೆ. ಕಿವಿಯ ಹತ್ತಿರ ಹಿಡಿದು ಒಂದೇ ಸಲ ಕರೆಂಟು ಕೊಟ್ಟು, ತಕ್ಷಣ ತೆಗೆದರು. ಹೆಡ್ (ಡಿಸ್ಕನ್ನು ಓದುವ ಭಾಗ) ಹೋಗಿದೆ, ಇನ್ನು ಹಚ್ಚಬೇಡಿ, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವ ಲ್ಯಾಬ್‌ನವರೇ ನೋಡಬೇಕು, ಅದರ ಖರ್ಚು ಈ ಹೊಸ ಮಿಷನ್ನಿನ ಹತ್ತಿರ ಹೋಗಬಹುದು, ಸಿಕ್ಕೇ ಸಿಗುತ್ತೆ ಅಂತಲೂ ಇಲ್ಲ ಅಂದರು. ಅಲ್ಲಿಗೆ ಮೇಷ್ಟ್ರ ಪುಸ್ತಿಕೆಯ ಆಸೆ ಬಿಟ್ಟೆ.

ಅರ್ಥಿಂಗ್ ನೋಡಿಸಿದೆ, 34 ವೋಲ್ಟ್! ಹೊಸ ಗುಂಡಿ ತೋಡಿಸಿದ ಮೇಲೆಯೇ ಮಿಷನ್ನು ಹಚ್ಚಿದ್ದು.

ಹಳೇಸಿಡಿ (ಮೈಸೂರು) · 30 ನವೆಂಬರ್

ಪುಸ್ತಿಕೆಯ ಆಸೆ ಯಾಕೆ ಬಿಡ್ತೀರಿ? ಮನೆಯವರ ಹತ್ತಿರ ಅಚ್ಚಾದ ಪ್ರತಿ ಇರಬೇಕಲ್ಲ. ಸ್ಕ್ಯಾನ್ ಮಾಡಿ ಕಳಿಸಿ. 64 ಪುಟ, ಎಂಟು ಜನ ಸೇರಿದ್ರೆ ತಲೆಗೆ ಎಂಟು ಪುಟ. ನಾನು 1ರಿಂದ 8.

ಮಲಪ್ರಭಾ_ದಂಡಿ (ಧಾರವಾಡ) · 30 ನವೆಂಬರ್

9ರಿಂದ 16 ನಮ್ಮ ಪ್ರೆಸ್ಸಿಗೆ ಕಳಸ್ರಿ. ಕಂಪೋಸಿಂಗ್ ಹುಡುಗಿ ಇದ್ದಾಳ, ಒಂದ ಮಧ್ಯಾಹ್ನದ ಕೆಲಸ.

ಹೇಮಾವತಿ (ಹಾಸನ) · 1 ಡಿಸೆಂಬರ್

ನನಗೆ ಟೈಪಿಂಗ್ ನಿಧಾನ. ಆದರೆ ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡೋಳು, ಎಲ್ಲ ಪುಟದ ಕರಡು ನಾನು ತಿದ್ದುತ್ತೇನೆ. 33ರಿಂದ 40 ಕೂಡ ನನಗಿರಲಿ.

ವರದಾಮೂಲ (ಸಾಗರ) · 2 ಡಿಸೆಂಬರ್

ಏನು ಬರೆಯಬೇಕೋ ತೋಚುತ್ತಿಲ್ಲ. ಮನೆಯವರ ಒಪ್ಪಿಗೆ ಕೇಳಿದೆ, ಮೇಷ್ಟ್ರ ಹೆಂಡತಿ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ತಿದ್ದದೆ ಬಿಡುತ್ತಿರಲಿಲ್ಲ, ತಪ್ಪಿಲ್ಲದ ಹಾಗೆ ಮಾಡಿ" ಅಂದರು. ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳಿಸಿದ್ದೇನೆ.

ವರದಾಮೂಲ (ಸಾಗರ) · 13 ಡಿಸೆಂಬರ್

56 ಪುಟ ಬಂದು ಸೇರಿವೆ. ಮಂಗಳೂರಿನವರು ಒಂದು ಲೇಖನ ತಮ್ಮ ಹತ್ತಿರ ಆಸ್ಕಿಯಲ್ಲಿದ್ದ ಪಠ್ಯದಿಂದ ಪರಿವರ್ತಿಸಿ ಕಳಿಸಿದ್ದಾರೆ (ಮೇಷ್ಟ್ರ ಶಿಷ್ಯರೊಬ್ಬರು ಅಲ್ಲಿನ ಸ್ಮರಣ ಸಂಚಿಕೆಗೂ ಅದನ್ನೇ ಕೊಟ್ಟಿದ್ದರಂತೆ!). ಅದರಲ್ಲಿ ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿದೆ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲೇ ಬರಬೇಕು, ಅದಕ್ಕೇ ಅಂತ ಹಳೇಸಿಡಿಯವರು ಹೇಳಿದರು. ಕೈಯಲ್ಲೇ ಸರಿ ಮಾಡುತ್ತಿದ್ದೇನೆ. ಮೂರು ಪ್ರತಿ ಇಟ್ಟಿದ್ದೇನೆ: ಮಿಷನ್ನಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಮನೆಯವರ ಪೆನ್‌ಡ್ರೈವಿನಲ್ಲಿ ಒಂದು.

33ರಿಂದ 40 ಮಾತ್ರ ಬಾಕಿ. ಮೇಡಂ, ಅವಸರವಿಲ್ಲ. ಪ್ರೆಸ್ಸಿನವರಿಗೆ ತಿಂಗಳ ಕೊನೆಗೆ ಕೊಟ್ಟರೆ ಸಾಕು.

ಹೇಮಾವತಿ (ಹಾಸನ) · 13 ಡಿಸೆಂಬರ್

ಆರು ಪುಟ ಆಗಿದೆ. 38ರಲ್ಲಿ ಕೆಳಗಿನ ಎರಡು ಸಾಲು ಸ್ಕ್ಯಾನ್‌ನಲ್ಲಿ ಮಸುಕಾಗಿದೆ, ಮೇಷ್ಟ್ರು ಹಳೇ ಸೈಕಲ್ಲಿನ ಕತೆ ಹೇಳೋ ಜಾಗ. ಅದೊಂದು ಪುಟ ಮತ್ತೆ ತೆಗೆದು ಕಳಿಸಿ. ನಾಳೆ ರಾತ್ರಿ ಮುಗಿಸಿಕೊಡುತ್ತೇನೆ.